ಕಲಬುರಗಿ ಸೀಮೆಯ ಕ್ರೈಸ್ತರ ನಿತ್ಯಭಕ್ತಿಯಲ್ಲಿ ಕನ್ನಡ ಪರಿಭಾಷೆ

೧

ಒಂದು ಮತವು ತಾನು ಹುಟ್ಟಿದ ನಾಡನ್ನು ಬಿಟ್ಟು ಬೇರೊಂದು ನಾಡಿಗೆ ಬಂದಾಗ ಅದಕ್ಕೆ ಮೊಟ್ಟಮೊದಲು ಬೇಕಾಗುವುದು ಆ ನಾಡಿನ ಮಾತು. ಆದರೆ ಆ ಮಾತು ಅದಕ್ಕೆ ಮೊದಲೇ ಅನ್ಯಮತಗಳ ಬಳಕೆಯಲ್ಲಿ ಪಳಗಿದುದಾಗಿರುತ್ತದೆ. ದೇವರು, ಪಾಪ, ಮೋಕ್ಷ, ಗುರು, ದೀಕ್ಷೆ ಎಂಬೀ ಶಬ್ದಗಳಲ್ಲಿ ಯಾವುದನ್ನು ಎತ್ತಿಕೊಂಡರೂ ಅದರೊಡನೆ ಹಳೆಯ ಅರ್ಥವೊಂದು ಕೂಡಿಬರುತ್ತದೆ. ಶಬ್ದವನ್ನು ಬಿಟ್ಟರೆ ಕೇಳುವವರಿಗೆ ತಿಳಿಯುವುದಿಲ್ಲ. ಹಿಡಿದರೆ ಹೇಳಬೇಕಾದುದು ಬೇರೆಯಾಗಿ ತಿಳಿಯುವ ಭಯವುಂಟು. ಈ ಇಕ್ಕಟ್ಟನ್ನು ಕನ್ನಡದ ಕ್ರೈಸ್ತರು ಹೇಗೆ ದಾಟಿದರು, ಅವರ ನಿತ್ಯಜೀವನದಲ್ಲಿ ಆ ಶಬ್ದಗಳು ಇಂದು ಯಾವ ಅರ್ಥವನ್ನು ಹೊತ್ತು ನಿಂತಿವೆ ಎಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶವಾಗಿದೆ.

ಈ ವಿಚಾರಕ್ಕೆ ಕಲಬುರಗಿಯ ಸೀಮೆಯು ವಿಶೇಷವಾಗಿ ತಕ್ಕುದಾಗಿದೆ. ೧೩೪೭ರಲ್ಲಿ ಬಹಮನಿ ಅರಸರ ರಾಜಧಾನಿಯಾದ ಈ ನಗರದ ಕೋಟೆಯೊಳಗೆ ೧೩೬೭ರ ಜಾಮಿಯಾ ಮಸೀದಿಯು ನಿಂತಿದೆ. ಊರಿನಲ್ಲಿ ಖ್ವಾಜಾ ಬಂದೇ ನವಾಜರ ದರ್ಗಾ, ಶರಣಬಸವೇಶ್ವರರ ದೇವಾಲಯ, ೨೦೦೭ರಲ್ಲಿ ಪ್ರಾರಂಭವಾದ ಬುದ್ಧವಿಹಾರ ಇವೆ. ಭೀಮಾತೀರದ ಸನ್ನತಿಯಲ್ಲಿ ಬೌದ್ಧರ ಸ್ತೂಪವೂ, ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡದಲ್ಲಿ ಜೈನರ ಬಸದಿಯೂ, ಕಲಬುರಗಿಯಿಂದ ಕಮಲಾಪುರ ಹುಮನಾಬಾದುಗಳ ಮಾರ್ಗವಾಗಿ ಮುಂದೆ ಹೋದರೆ ಶರಣರ ಕಲ್ಯಾಣವೂ ದೊರೆಯುತ್ತವೆ. ಕನ್ನಡದೊಡನೆ ಉರ್ದು, ಮರಾಠಿ, ತೆಲುಗು ಭಾಷೆಗಳು ಇಲ್ಲಿನ ಬೀದಿಗಳಲ್ಲಿ ಕಿವಿಗೆ ಬೀಳುತ್ತವೆ. ಹೀಗೆ ಅನೇಕ ಮತಗಳೂ ಅನೇಕ ಭಾಷೆಗಳೂ ಕಲೆತ ಎಡೆಯಲ್ಲಿ ಒಂದು ಶಬ್ದವು ಎಷ್ಟು ಕೈಗಳನ್ನು ದಾಟಿಬಂದಿತೆಂಬುದನ್ನು ಗುರುತಿಸುವುದು ಸುಲಭವಾಗುತ್ತದೆ.

೨

ಕನ್ನಡ ನಾಡಿಗೆ ಕ್ರೈಸ್ತಮತವು ಒಂದೇ ದಾರಿಯಿಂದ ಬಂದುದಲ್ಲ. ಕರಾವಳಿಯಲ್ಲಿಯೂ ಆದಿಲಶಾಹಿ ರಾಜ್ಯದ ಕೆಲವು ಊರುಗಳಲ್ಲಿಯೂ ಪೋರ್ಚುಗೀಸರ ಗೋವೆಯ ಸಂಬಂಧದಿಂದ ಕಥೋಲಿಕ ಪಾದ್ರಿಗಳು ಮೊದಲು ಬಂದರು. ರಾಯಚೂರು ಜಿಲ್ಲೆಯ ಮುದಗಲ್ಲಿನ ಕ್ರೈಸ್ತ ಸಮುದಾಯವು ಆ ಕಾಲದ್ದು. ಹದಿನೇಳನೆಯ ಶತಮಾನದ ಮಧ್ಯದಲ್ಲಿ ಇಟಲಿಯ ಲಿಯೊನಾರ್ಡೊ ಚಿನ್ನಮಿಯವರು ಮೈಸೂರು ಸೀಮೆಯಲ್ಲಿ ಕೆಲಸಮಾಡಿದರು. ತಮಿಳು ನಾಡಿನ ಮಧುರೆಯಲ್ಲಿ ರೊಬೆರ್ತೊ ದೆ ನೊಬಿಲಿಯವರು ಸಂನ್ಯಾಸಿಗಳ ರೀತಿಯಲ್ಲಿ ಬಾಳುತ್ತ ವೇದ, ಗುರು, ಪ್ರಸಾದ, ಪೂಜೆ ಮುಂತಾದ ಶಬ್ದಗಳನ್ನು ಕ್ರೈಸ್ತಾರ್ಥದಲ್ಲಿ ಬಳಸಲಾರಂಭಿಸಿದ್ದುದು ಈ ಪರಂಪರೆಗೆ ಮೇಲ್ಪಂಕ್ತಿಯಾಯಿತು.

ಪ್ರಾಟೆಸ್ಟಂಟರ ಕೆಲಸವು ಹತ್ತೊಂಬತ್ತನೆಯ ಶತಮಾನದಲ್ಲಿ ಮೊದಲಾಯಿತು. ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್‌ರವರು ೧೮೧೦ರಲ್ಲಿ ಬಳ್ಳಾರಿಗೆ ಬಂದು ಕನ್ನಡವನ್ನು ಕಲಿತು ಬೈಬಲ್ಲಿನ ಭಾಷಾಂತರಕ್ಕೆ ಕೈಹಾಕಿದರು. ವಿಲಿಯಂ ರೀವರ ಸಹಾಯವೂ ಸೇರಿ ಇಡಿಯ ಗ್ರಂಥವು ೧೮೩೧ರ ಹೊತ್ತಿಗೆ ಕನ್ನಡದಲ್ಲಿ ಅಚ್ಚಾಯಿತು. ಇತ್ತ ಬಂಗಾಳದ ಸೆರಾಂಪುರದಲ್ಲಿ ವಿಲಿಯಂ ಕೇರಿಯವರು ೧೮೧೭ರಲ್ಲಿ ಕನ್ನಡ ವ್ಯಾಕರಣವನ್ನು ಪ್ರಕಟಿಸಿದ್ದರು. ೧೮೩೪ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿಗೂ ೧೮೩೭ರಲ್ಲಿ ಧಾರವಾಡಕ್ಕೂ ಬಂದರು. ಮೊದಲ ಭಾಷಾಂತರವು ಕನ್ನಡದ ಜಾಯಮಾನಕ್ಕೆ ಸಾಲದೆಂದು ಕಂಡುದರಿಂದ ಶತಮಾನದ ಮಧ್ಯಭಾಗದಲ್ಲಿ ವೈಗ್ಲೆ ಮೊದಲಾದವರು ಸೇರಿ ಅದನ್ನು ತಿದ್ದಿದರು. ಫೆರ್ಡಿನಂಡ್ ಕಿಟ್ಟೆಲರು ೧೮೬೨ರಲ್ಲಿ ಯೇಸುವಿನ ಚರಿತ್ರೆಯನ್ನು ಭಾರತೀಯ ಛಂದಸ್ಸಿನಲ್ಲಿ 'ಕಥಾಮಾಲೆ'ಯೆಂದು ರಚಿಸಿದರು. ೧೮೭೨ರಲ್ಲಿ ಕೇಶಿರಾಜನ 'ಶಬ್ದಮಣಿದರ್ಪಣ'ವನ್ನು ಸಂಪಾದಿಸಿದರು. ೧೮೯೪ರಲ್ಲಿ ಅವರ ಮಹಾಕೋಶವು ಹೊರಬಂದಿತು. ಈ ಕೆಲಸಗಳೆಲ್ಲದರ ಹಿಂದೆ ಸ್ಥಳೀಯ ಪಂಡಿತರ ಮತ್ತು ಮುನ್ಷಿಗಳ ಶ್ರಮವಿದ್ದಿತು. ಕ್ರೈಸ್ತ ಪರಿಭಾಷೆಯಲ್ಲಿ ಸಂಸ್ಕೃತವು ಇಷ್ಟು ಹೇರಳವಾಗಿ ಸೇರಿರುವುದಕ್ಕೆ ಅವರ ವ್ಯುತ್ಪತ್ತಿಯೂ ಒಂದು ಕಾರಣವೆಂದು ಹೇಳಬಹುದು.

ಕಲಬುರಗಿಗೆ ಈ ಮತವು ಬಂದ ಬಗೆ ಬೇರೆ. ಸೊಲ್ಲಾಪುರದಿಂದ ಕಲಬುರಗಿಯ ಮೇಲೆ ರಾಯಚೂರಿಗೆ ಹೋಗುವ ರೈಲುಮಾರ್ಗವು ೧೮೭೧ರಲ್ಲಿ ತೆರೆಯಿತು. ೧೮೭೦ರಲ್ಲಿ ಭಾರತಕ್ಕೆ ಬಂದ ಅಮೆರಿಕದ ಮೆಥೊಡಿಸ್ಟ್ ಬೋಧಕರಾದ ವಿಲಿಯಂ ಟೇಲರರ ಪ್ರಯತ್ನದಿಂದ ದೊಡ್ಡ ನಗರಗಳಲ್ಲಿಯೂ ರೈಲ್ವೆಯ ಊರುಗಳಲ್ಲಿಯೂ ಮೆಥೊಡಿಸ್ಟ್ ಸಭೆಗಳು ಹುಟ್ಟಿದವು. ಮೊದಲು ಇಂಗ್ಲಿಷ್ ಮಾತಾಡುವ ನೌಕರರಿಗಾಗಿ ನಡೆದ ಈ ಕೆಲಸವು ಆ ಶತಮಾನದ ಕೊನೆಯ ದಶಕಗಳಲ್ಲಿ ಬೀದರ್ ಕಲಬುರಗಿ ಸೀಮೆಯ ಹಳ್ಳಿಗಳಿಗೆ, ಅಲ್ಲಿಯೂ ಅಸ್ಪೃಶ್ಯರೆನಿಸಿಕೊಂಡು ಊರ ಹೊರಗಿದ್ದ ಕೇರಿಗಳಿಗೆ, ತಲುಪಿತು. ೧೯೪೭ರ ಸೆಪ್ಟೆಂಬರ್ ೨೭ರಂದು ದಕ್ಷಿಣ ಇಂಡಿಯಾ ಸಭೆಯು ಸ್ಥಾಪಿತವಾದಾಗ ಬ್ರಿಟಿಷ್ ಮೂಲದ ವೆಸ್ಲಿಯನ್ ಸಭೆಗಳು ಅದರಲ್ಲಿ ಸೇರಿದವು. ಅಮೆರಿಕದ ಮೂಲದವು ಸೇರಲಿಲ್ಲ. ಮೈಸೂರಿನಲ್ಲಿ ಕಾಣದ ಮೆಥೊಡಿಸ್ಟ್ ಎಂಬ ಹೆಸರು ಕಲಬುರಗಿ ಬೀದರುಗಳಲ್ಲಿ ಇಂದಿಗೂ ಉಳಿದಿರುವುದಕ್ಕೆ ಕಾರಣವಿದು. ಆ ಸಭೆಯು ೧೯೮೧ರಲ್ಲಿ ಭಾರತದ ಮೆಥೊಡಿಸ್ಟ್ ಸಭೆಯೆಂದು ಸ್ವತಂತ್ರವಾಯಿತು. ೨೦೦೫ರಲ್ಲಿ ಕಥೋಲಿಕರ ಗುಲ್ಬರ್ಗ ಧರ್ಮಪ್ರಾಂತವು ಸ್ಥಾಪಿತವಾಯಿತು. ಇವಲ್ಲದೆ ಪೆಂತೆಕೊಸ್ತ ಮೊದಲಾದ ಹೊಸ ಪಂಗಡಗಳೂ ಇವೆ.

ನಿಜಾಮರ ಆಳಿಕೆಯಲ್ಲಿ ಈ ಸೀಮೆಯ ಆಡಳಿತಭಾಷೆಯು ಉರ್ದುವಾಗಿದ್ದು ಕನ್ನಡದ ಓದಿಗೆ ಎಡೆಯು ಕಡಿಮೆಯಾಗಿದ್ದಿತು. ಅಂಥ ಕಾಲದಲ್ಲಿ ಕನ್ನಡದ ಬೈಬಲ್ಲನ್ನೂ ಗೀತಪುಸ್ತಕವನ್ನೂ ಓದುವುದು ಶಾಲೆಯ ಬಾಗಿಲು ಮುಚ್ಚಿದ್ದ ಕುಟುಂಬಗಳಿಗೆ ಅಕ್ಷರಾಭ್ಯಾಸದ ಒಂದು ದಾರಿಯೂ ಆಯಿತು. ಈ ಸಂಗತಿಯು ಮುಂದಿನ ವಿಚಾರಕ್ಕೆ ಅವಶ್ಯಕ. ಏಕೆಂದರೆ ಇಂಥವರಿಗೆ ಎಷ್ಟೋ ಸಂಸ್ಕೃತ ಶಬ್ದಗಳು ಮೊದಲು ಕಿವಿಗೆ ಬಿದ್ದುದು ಕ್ರೈಸ್ತಾರ್ಥದಲ್ಲಿಯೇ.

೩

ಕ್ರೈಸ್ತಮತದಲ್ಲಿ 'ಇವ್ಯಾಂಜೆಲಿಕಲ್' ಎಂದು ಹೇಳಿಕೊಳ್ಳುವ ಪ್ರವೃತ್ತಿಯೊಂದುಂಟು. ಒಳ್ಳೆಯ ಸುದ್ದಿಯೆಂಬ ಅರ್ಥದ ಗ್ರೀಕ್ ಶಬ್ದದಿಂದ ಬಂದ ಈ ಮಾತನ್ನು ಕನ್ನಡದಲ್ಲಿ 'ಸುವಾರ್ತಿಕ'ವೆನ್ನಬಹುದು. ಬ್ರಿಟಿಷ್ ಇತಿಹಾಸಕಾರರಾದ ಡೇವಿಡ್ ಬೆಬಿಂಗ್ಟನ್‌ರವರು ೧೯೮೯ರಲ್ಲಿ ಇದಕ್ಕೆ ನಾಲ್ಕು ಲಕ್ಷಣಗಳನ್ನು ಹೇಳಿದರು: ಬೈಬಲ್ಲಿಗೆ ಪರಮಪ್ರಾಮಾಣ್ಯ, ವ್ಯಕ್ತಿಯ ಅಂತರಂಗದ ತಿರುವು, ಶಿಲುಬೆಯ ಮೇಲಣ ಬಲಿದಾನವೇ ಕೇಂದ್ರವೆಂಬ ನಂಬಿಕೆ, ಮತ್ತು ನಂಬಿದುದನ್ನು ಇತರರಿಗೆ ತಿಳಿಸುವ ಉದ್ಯೋಗಶೀಲತೆ. ಮೆಥೊಡಿಸ್ಟ್ ಪಂಗಡದ ಮೂಲಪುರುಷರಾದ ಜಾನ್ ವೆಸ್ಲಿಯವರು ೧೭೩೮ರ ಮೇ ೨೪ರಂದು ಲಂಡನ್ನಿನ ಒಂದು ಸಣ್ಣ ಕೂಟದಲ್ಲಿ ಪಡೆದ ಅನುಭವವೇ ಈ ಪ್ರವೃತ್ತಿಯ ಪ್ರಸಿದ್ಧ ದೃಷ್ಟಾಂತ. ಹೀಗೆ ಕಲಬುರಗಿಯ ಸಭೆಗಳಿಗೆ ಈ ಪ್ರವೃತ್ತಿಯು ಮೂಲದಿಂದಲೇ ಬಂದ ಆಸ್ತಿ. ಈ ನಾಲ್ಕು ಲಕ್ಷಣಗಳಿಗೂ ಕನ್ನಡದಲ್ಲಿ ಒಂದೊಂದು ನಿತ್ಯಬಳಕೆಯ ಶಬ್ದವಿದೆ: ವಾಕ್ಯ, ಮಾನಸಾಂತರ, ಶಿಲುಬೆ, ಸಾಕ್ಷಿ. ಇವುಗಳ ಜೊತೆಗೆ ಇನ್ನೂ ಕೆಲವನ್ನು ಸೇರಿಸಿ ಮುಂದೆ ಪರೀಕ್ಷಿಸಲಾಗಿದೆ.

ಪ್ರಾಚೀನ ವೈಯಾಕರಣರ ವಿಭಾಗವನ್ನು ಅನುಸರಿಸಿದರೆ ಈ ಪರಿಭಾಷೆಯು ಮೂರು ಬಗೆಯಾಗುತ್ತದೆ. ಮೊದಲನೆಯವು ಸಂಸ್ಕೃತಮೂಲದವು: ಸುವಾರ್ತೆ, ಸಭೆ, ಕೃಪೆ, ರಕ್ಷಣೆ, ಪವಿತ್ರಾತ್ಮ, ದೀಕ್ಷಾಸ್ನಾನ, ಯಾಜಕ, ಅಭಿಷೇಕ. ಎರಡನೆಯವು ದೇಶ್ಯಗಳು: ನಂಬಿಕೆ, ಒಡಂಬಡಿಕೆ, ಕುರುಬ, ಹುಳಿಹಿಟ್ಟು. ಮೂರನೆಯವು ಅನ್ಯದೇಶ್ಯಗಳು: ಪೋರ್ಚುಗೀಸಿನ ಪಾದ್ರಿ ಮತ್ತು ಇಗರ್ಜಿ, ಹೀಬ್ರೂವಿನ ಆಮೆನ್, ಗ್ರೀಕಿನ ಅಪೊಸ್ತಲ, ಇಂಗ್ಲಿಷಿನ ಚರ್ಚು ಮತ್ತು ಪಾಸ್ಟರು. ಶಿಲುಬೆಯೆಂಬುದು ಕನ್ನಡದಂತೆಯೇ ಕಂಡರೂ ಸಿರಿಯಾಕ್ ಭಾಷೆಯ 'ಸ್ಲೀಬಾ'ದಿಂದ ಕೇರಳ ತಮಿಳುನಾಡುಗಳ ಹಳೆಯ ಕ್ರೈಸ್ತರ ಮೂಲಕ ಬಂದುದು.

ಇವುಗಳಲ್ಲಿ ದೇಶ್ಯಗಳೇ ಜನರ ಬಾಳಿಗೆ ಹೆಚ್ಚು ಹತ್ತಿರವಾದುವು. ದೇವರಿಗೂ ಒಂದು ಜನಾಂಗಕ್ಕೂ ಆದ ಕರಾರನ್ನು ಹೇಳಬೇಕಾದಾಗ ಭಾಷಾಂತರಕಾರರು 'ಒಡಂಬಡು' ಎಂಬ ಹಳಗನ್ನಡ ಧಾತುವಿನಿಂದಾದ ಒಡಂಬಡಿಕೆಯನ್ನು ಆರಿಸಿದರು. ಹೊಲ ಮನೆಗಳ ವ್ಯವಹಾರದಲ್ಲಿ ಇಬ್ಬರು ಒಪ್ಪಿಕೊಳ್ಳುವ ಮಾತಿದು. ಆದುದರಿಂದ ಹಳೆಯ ಒಡಂಬಡಿಕೆ, ಹೊಸ ಒಡಂಬಡಿಕೆ ಎಂದರೆ ಗ್ರಂಥದ ಎರಡು ಭಾಗಗಳೆಂಬುದಕ್ಕಿಂತ ಹೆಚ್ಚಾಗಿ ದೇವರು ಕೊಟ್ಟ ಮಾತು ಎಂಬ ಭಾವವು ತಾನಾಗಿ ಬರುತ್ತದೆ. ಹಾಗೆಯೇ ಯೋಹಾನನ ಸುವಾರ್ತೆಯಲ್ಲಿ ಯೇಸುವು ತನ್ನನ್ನು ಹೋಲಿಸಿಕೊಳ್ಳುವ ಆಹಾರವು ಕನ್ನಡದಲ್ಲಿ 'ರೊಟ್ಟಿ'ಯಾಯಿತು. ಮೂಲದಲ್ಲಿರುವುದು ಗೋದಿ ಅಥವಾ ಜವೆಗೋದಿಯ ಸುಟ್ಟ ಆಹಾರ. ಕಲಬುರಗಿಯ ಕೇಳುಗನಿಗೆ ನೆನಪಾಗುವುದು ಜೋಳದ ರೊಟ್ಟಿ. ಎರಡೂ ನಿತ್ಯದ ಹೊಟ್ಟೆಯ ಹಸಿವನ್ನು ತಣಿಸತಕ್ಕವಾದುದರಿಂದ ತಾತ್ಪರ್ಯಕ್ಕೆ ಲೋಪವಿಲ್ಲ. ಅನ್ನವುಣ್ಣುವ ಕರಾವಳಿಯವನಿಗಿಂತ ಈ ಸೀಮೆಯವನಿಗೆ ಈ ಉಪಮೆಯು ಬೇಗನೆ ಹಿಡಿಸುವುದು ಸಹಜ.

೪

ಇನ್ನು ವಿವಾದಕ್ಕೆ ಎಡೆಯಾದ ಶಬ್ದಗಳನ್ನು ನೋಡಬೇಕು. ಮೊದಲನೆಯದು ಹೊಸ ಹುಟ್ಟು. ಯೋಹಾನನ ಸುವಾರ್ತೆಯ ಮೂರನೆಯ ಅಧ್ಯಾಯದಲ್ಲಿ ಬರುವ ಗ್ರೀಕ್ ಶಬ್ದಕ್ಕೆ 'ಮತ್ತೆ' ಎಂದೂ 'ಮೇಲಿನಿಂದ' ಎಂದೂ ಎರಡರ್ಥಗಳುಂಟು. ಸುವಾರ್ತಿಕ ಪಂಗಡಗಳವರಿಗೆ ಇದಕ್ಕಿಂತ ಮುಖ್ಯವಾದ ಮಾತಿಲ್ಲ. ಇದನ್ನು ಸಂಸ್ಕೃತದಲ್ಲಿ ಹೇಳಹೊರಟರೆ ತಟ್ಟನೆ ಒದಗುವ ಶಬ್ದವು 'ಪುನರ್ಜನ್ಮ'. ಆದರೆ ಈ ನಾಡಿನಲ್ಲಿ ಪುನರ್ಜನ್ಮವೆಂಬುದು ಕರ್ಮದ ಫಲ, ಬಿಡಿಸಿಕೊಳ್ಳಬೇಕಾದ ಬಂಧನ. ಒಬ್ಬನು ಪಡೆಯಲೆಳಸುವುದನ್ನು ಇನ್ನೊಬ್ಬನು ತಪ್ಪಿಸಿಕೊಳ್ಳಲೆಳಸುವ ವಸ್ತುವಿನ ಹೆಸರಿನಿಂದ ಕರೆದರೆ ಅರ್ಥವು ತಲೆಕೆಳಗಾಗುವುದು. ಆದುದರಿಂದ ಕನ್ನಡ ಬೈಬಲ್ಲು 'ಹೊಸದಾಗಿ ಹುಟ್ಟುವುದು' ಎಂಬ ಬಿಡಿಮಾತನ್ನು ಹಿಡಿದುದು ಉಚಿತವಾಗಿದೆ.

ಹಾಗೆಂದು ಈ ಭಾವವು ಈ ನಾಡಿಗೆ ಹೊಸದೆಂದು ತಿಳಿಯಬಾರದು. ಸೋಮಯಾಗದಲ್ಲಿ ದೀಕ್ಷಿತನಾಗುವ ಯಜಮಾನನನ್ನು ಋತ್ವಿಜರು ಮತ್ತೆ ಗರ್ಭವನ್ನಾಗಿ ಮಾಡುತ್ತಾರೆಂದೂ ಅದಕ್ಕಾಗಿ ಅವನಿಗೆ ನೀರಿನ ಸೇಚನವೆಂದೂ ಐತರೇಯ ಬ್ರಾಹ್ಮಣವು ಹೇಳುತ್ತದೆ. ಉಪನಯನವಾದವನಿಗೆ ದ್ವಿಜನೆಂಬ ಹೆಸರೂ ಎರಡನೆಯ ಹುಟ್ಟಿನಿಂದಲೇ ಬಂದುದು. ವೀರಶೈವರಲ್ಲಿ ಗುರುವಿನ ದೀಕ್ಷೆಯಿಂದ ಭಕ್ತನು ಗುರುಕರಜಾತನಾಗುತ್ತಾನೆ. ಅವನ ಪೂರ್ವಾಶ್ರಯವು ಅಳಿಯುತ್ತದೆ. ಹೀಗಿರುವಲ್ಲಿ ಬಾಪ್ತಿಸ್ಮಕ್ಕೆ 'ದೀಕ್ಷಾಸ್ನಾನ'ವೆಂದು ಹೆಸರಿಟ್ಟುದು ಕೇವಲ ಶಬ್ದಾನುವಾದವಲ್ಲವೆಂಬುದು ಸ್ಪಷ್ಟವಾಗುತ್ತದೆ. ಗ್ರೀಕಿನಲ್ಲಿ ಆ ಮಾತಿಗೆ ಮುಳುಗಿಸುವುದೆಂದಷ್ಟೇ ಅರ್ಥ. ಕನ್ನಡದಲ್ಲಿ ಅದಕ್ಕೆ ಶ್ರೌತ, ಜೈನ, ಶೈವ ಪರಂಪರೆಗಳಲ್ಲಿ ಬೆಳೆದುಬಂದ ದೀಕ್ಷೆಯ ಗೌರವವೂ ಸೇರಿತು. ಆದರೆ ಭೇದವೂ ಉಂಟು. ಶ್ರೌತದೀಕ್ಷೆಗೆ ಅಧಿಕಾರವು ಬೇಕು. ಉಪನಯನಕ್ಕೆ ವರ್ಣವು ಬೇಕು. ಕ್ರೈಸ್ತರ ದೀಕ್ಷಾಸ್ನಾನಕ್ಕೆ ಹುಟ್ಟಿನ ಅಧಿಕಾರವಾವುದೂ ಬೇಡ. ಎರಡನೆಯ ಹುಟ್ಟು ತಮಗೆ ಸಲ್ಲದೆಂದು ತಲೆಮಾರುಗಳಿಂದ ಕೇಳಿಬಂದವರಿಗೆ ಅದೇ ಶಬ್ದವು ತಮಗೂ ಸಲ್ಲುವುದೆಂದು ಕೇಳಿದಾಗ ಆದ ಪರಿಣಾಮವನ್ನು ನಿಘಂಟಿನ ಅರ್ಥದಿಂದ ಅಳೆಯಲಾಗದು.

ಎರಡನೆಯದು ಕೃಪೆ ಮತ್ತು ಪ್ರಸಾದ. ದೇವರು ಯೋಗ್ಯತೆಯನ್ನು ನೋಡದೆ ಕೊಡುವ ಅನುಗ್ರಹಕ್ಕೆ ಕಥೋಲಿಕರು 'ವರಪ್ರಸಾದ'ವೆಂದರು, ಪ್ರಾಟೆಸ್ಟಂಟರು 'ಕೃಪೆ'ಯೆಂದರು. ಪ್ರಸಾದಶಬ್ದದ ಮೂಲಾರ್ಥವು ಪ್ರಸನ್ನತೆ. ಆದುದರಿಂದ ವರಪ್ರಸಾದವೆಂಬುದು ಶಾಸ್ತ್ರದೃಷ್ಟಿಯಿಂದ ನಿರ್ದುಷ್ಟವಾಗಿದೆ. ಆದರೆ ಲೋಕದಲ್ಲಿ ಪ್ರಸಾದವೆಂದರೆ ದೇವರಿಗೆ ನೈವೇದ್ಯಮಾಡಿ ಹಂಚುವ ಆಹಾರವೆಂಬುದೇ ರೂಢಿ. 'ರೂಢಿರ್ಯೋಗಮಪಹರತಿ' ಎಂಬ ನ್ಯಾಯದಂತೆ ರೂಢ್ಯರ್ಥವು ಅವಯವಾರ್ಥವನ್ನು ತಳ್ಳಿಹಾಕುತ್ತದೆ. ಪ್ರಾಟೆಸ್ಟಂಟರು ಈ ಶಬ್ದವನ್ನು ಬಿಟ್ಟುದಕ್ಕೆ ಈ ರೂಢಿಯು ಬಲವಾದ ಕಾರಣವಾಗಿರಬೇಕು. ಈ ಭೇದವು ಪುಸ್ತಕದಲ್ಲಿ ನಿಲ್ಲುವುದಿಲ್ಲ. ಶರಣಬಸವೇಶ್ವರರ ಜಾತ್ರೆಯಾದ ಮೇಲೆ ನೆರೆಯವರು ಪ್ರೀತಿಯಿಂದ ಪ್ರಸಾದವನ್ನು ತಂದುಕೊಟ್ಟಾಗ ಅದನ್ನು ತೆಗೆದುಕೊಳ್ಳಬೇಕೆ ಬೇಡವೆ ಎಂಬ ಪ್ರಶ್ನೆಯು ಕ್ರೈಸ್ತನ ಮನೆಯ ಹೊಸ್ತಿಲಿನಲ್ಲಿ ನಿಲ್ಲುತ್ತದೆ. ಇದು ಹೊಸ ಪ್ರಶ್ನೆಯಲ್ಲ. ಸುಮಾರು ಎರಡು ಸಾವಿರ ವರ್ಷಗಳ ಹಿಂದೆ ಕೊರಿಂಥ ನಗರದ ಸಭೆಗೆ ಬರೆದ ಮೊದಲನೆಯ ಪತ್ರದಲ್ಲಿ ಪೌಲನು ಇದನ್ನೇ ಚರ್ಚಿಸಿದ್ದಾನೆ. ವಿಗ್ರಹವು ಏನೂ ಅಲ್ಲವಾದುದರಿಂದ ಆಹಾರದಲ್ಲಿ ದೋಷವಿಲ್ಲ, ಆದರೆ ಅದನ್ನು ಕಂಡು ದುರ್ಬಲನಾದ ಸಹೋದರನ ಮನಸ್ಸು ಕೆಡುವುದಾದರೆ ಬಿಡಬೇಕು ಎಂಬುದು ಅವನು ಹೇಳುವ ನ್ಯಾಯ. ಈ ನ್ಯಾಯಕ್ಕೆ ಎರಡು ಕಡೆಗಳಿರುವುದರಿಂದಲೇ ಒಂದು ಕುಟುಂಬವು ತೆಗೆದುಕೊಳ್ಳುವುದನ್ನು ಮತ್ತೊಂದು ಕೈಮುಗಿದು ಬೇಡವೆನ್ನುತ್ತದೆ. ನೆರೆಯವನ ಸ್ನೇಹ ಒಂದು ಕಡೆ, ತನ್ನ ಸಭೆಯವನ ಮನಸ್ಸು ಒಂದು ಕಡೆ. ಎರಡನ್ನೂ ಉಳಿಸಿಕೊಳ್ಳಬೇಕಾದ ಕಷ್ಟವು ಪರಿಭಾಷೆಯಿಂದ ಹುಟ್ಟಿದುದಲ್ಲವಾದರೂ ಪರಿಭಾಷೆಯಲ್ಲಿ ಅದರ ಗುರುತುಂಟು.

ಮೂರನೆಯದು ವೇದ ಮತ್ತು ವಾಕ್ಯ. ಕನ್ನಡ ಬೈಬಲ್ಲಿಗೆ 'ಸತ್ಯವೇದ'ವೆಂಬ ಹೆಸರು ಬಹುಕಾಲದಿಂದ ನಡೆದುಬಂದಿದೆ. ಮೀಮಾಂಸಕರ ಮತದಲ್ಲಿ ವೇದವು ಅಪೌರುಷೇಯ, ಅದಕ್ಕೆ ಕರ್ತೃವಿಲ್ಲ. ಬೈಬಲ್ಲಾದರೋ ಅನೇಕ ಕಾಲಗಳಲ್ಲಿ ಅನೇಕರು ದೈವಪ್ರೇರಣೆಯಿಂದ ಬರೆದುದೆಂದು ಕ್ರೈಸ್ತರೇ ಹೇಳುತ್ತಾರೆ. ಆದುದರಿಂದ ಇಲ್ಲಿ ವೇದವೆಂದರೆ ಪರಮಪ್ರಮಾಣವಾದ ಗ್ರಂಥವೆಂದು ಲಕ್ಷಣೆಯಿಂದ ಅರ್ಥಮಾಡಬೇಕು. ನಿತ್ಯವ್ಯವಹಾರದಲ್ಲಿ ಹೆಚ್ಚಾಗಿ ಕೇಳಿಬರುವುದು 'ವಾಕ್ಯ'. ವಾಕ್ಯ ಓದುವುದೆಂದರೆ ಬೈಬಲ್ಲಿನ ಭಾಗವನ್ನು ಓದುವುದು; ವಾಕ್ಯ ಹೇಳುವುದೆಂದರೆ ಅದನ್ನು ವಿವರಿಸಿ ಬೋಧಿಸುವುದು. ವೈಯಾಕರಣನಿಗೆ ವಾಕ್ಯವು ಪದಗಳ ಸಮುದಾಯ. ಇಲ್ಲಿ ಅದು ಆ ದಿನಕ್ಕೆ ದೇವರು ತನಗೆ ಆಡಿದ ಮಾತು.

ನಾಲ್ಕನೆಯದು ಸಾಕ್ಷಿ. ವೇದಾಂತದಲ್ಲಿ ಸಾಕ್ಷಿಯು ಯಾವುದರಲ್ಲಿಯೂ ಭಾಗಿಯಾಗದೆ ನೋಡುವ ಚೈತನ್ಯ. ನ್ಯಾಯಾಲಯದಲ್ಲಿ ಸಾಕ್ಷಿಯು ಇನ್ನೊಬ್ಬರ ವ್ಯಾಜ್ಯದಲ್ಲಿ ಕಂಡುದನ್ನು ಹೇಳುವವನು. ಪ್ರಾರ್ಥನಾಕೂಟದಲ್ಲಿ ಸಾಕ್ಷಿ ಹೇಳುವುದೆಂದರೆ ಒಬ್ಬನು ಎದ್ದುನಿಂತು ತನ್ನ ಬಾಳಿನಲ್ಲಿಯೇ ನಡೆದುದನ್ನು, ಕುಡಿತವನ್ನು ಬಿಟ್ಟುದು, ರೋಗದಿಂದ ಎದ್ದುದು, ಸಾಲದ ಚಿಂತೆಯಲ್ಲಿ ಧೈರ್ಯವು ಬಂದುದು ಮುಂತಾದುದನ್ನು, ಎಲ್ಲರೆದುರಿಗೆ ಹೇಳುವುದು. ಓದುಬರಹವಿಲ್ಲದ ಹೆಂಗಸೂ ಇದನ್ನು ಹೇಳಬಹುದು; ಅವಳ ಮಾತಿಗೆ ಎಲ್ಲರೂ ಆಮೆನ್ ಎನ್ನುತ್ತಾರೆ. ತನ್ನ ಅನುಭವವನ್ನೇ ಪ್ರಮಾಣವಾಗಿ ನಾಲ್ವರ ಮುಂದೆ ಇಡುವ ಪದ್ಧತಿಯು ಕಲ್ಯಾಣದ ಅನುಭವಗೋಷ್ಠಿಗಳ ನೆನಪಿರುವ ಸೀಮೆಗೆ ಅಪರಿಚಿತವೆನಿಸುವುದಿಲ್ಲ. ಎರಡಕ್ಕೂ ಐತಿಹಾಸಿಕ ಸಂಬಂಧವಿದೆಯೆಂದು ಇದರ ತಾತ್ಪರ್ಯವಲ್ಲ, ಭಾವದ ಸಾಮ್ಯವಷ್ಟೇ.

೫

ಇಲ್ಲಿ ಎರಡು ಪೂರ್ವಪಕ್ಷಗಳು ಏಳುತ್ತವೆ. ಒಂದು ಹೊರಗಿನವರದು: ವೇದ, ದೀಕ್ಷೆ, ಯಜ್ಞ ಮೊದಲಾದ ಶಬ್ದಗಳು ಒಂದು ಪರಂಪರೆಯ ಸ್ವತ್ತು, ಅವುಗಳನ್ನು ಅನ್ಯಮತಕ್ಕೆ ಹಚ್ಚುವುದು ಜನರನ್ನು ಮರುಳುಗೊಳಿಸುವ ಉಪಾಯ. ಮತ್ತೊಂದು ಒಳಗಿನವರದು: ಅನ್ಯರ ಶಬ್ದಗಳೊಡನೆ ಅನ್ಯರ ನಂಬಿಕೆಯೂ ನುಸುಳುತ್ತದೆ, ಆದುದರಿಂದ ಬಾಪ್ತಿಸ್ಮವೆಂದೇ ಹೇಳಬೇಕು, ದೀಕ್ಷಾಸ್ನಾನವೆನ್ನಬಾರದು. ಪರಸ್ಪರ ವಿರುದ್ಧವಾದ ಈ ಎರಡು ಪಕ್ಷಗಳಿಗೂ ಆಧಾರವಾದ ಎಣಿಕೆ ಒಂದೇ: ಶಬ್ದಕ್ಕೆ ಅರ್ಥವು ಒಮ್ಮೆ ಅಂಟಿದ ಮೇಲೆ ಬಿಡುವುದಿಲ್ಲವೆಂಬುದು.

ಮೊದಲನೆಯ ಪಕ್ಷಕ್ಕೆ ಇತಿಹಾಸವೇ ಸಮಾಧಾನ ಹೇಳುತ್ತದೆ. ಸನ್ನತಿಯ ಬೌದ್ಧರು 'ಧರ್ಮ'ವನ್ನೂ ಮಳಖೇಡದ ಜೈ‌ನರು 'ದೀಕ್ಷೆ' 'ತೀರ್ಥ'ಗಳನ್ನೂ ತಮ್ಮ ಅರ್ಥದಲ್ಲಿ ಬಳಸಿದರು. ಯಜ್ಞಕರ್ಮವನ್ನು ಒಪ್ಪದವರೂ ಧ್ಯಾನವನ್ನೇ ಯಜ್ಞವೆಂದರು. ಶರಣರು ಲಿಂಗ, ಜಂಗಮ, ಪ್ರಸಾದಗಳಿಗೆ ಕೊಟ್ಟ ಅರ್ಥವು ಅವರಿಗಿಂತ ಹಿಂದಿನ ಕೋಶಗಳಲ್ಲಿ ದೊರೆಯುವುದಿಲ್ಲ. ಶಬ್ದವನ್ನು ಎತ್ತಿಕೊಳ್ಳುವುದು ಮೋಸವಾದರೆ ಈ ನಾಡಿನ ಮತಾಚಾರ್ಯರಲ್ಲಿ ಆ ದೋಷವಿಲ್ಲದವರು ವಿರಳ. ಆದರೆ ಈ ಪಕ್ಷದಲ್ಲಿ ಒಂದು ಸತ್ಯಾಂಶವೂ ಉಂಟು. ಹಿಂದಿನ ಮಿಶನರಿಗಳಲ್ಲಿ ಕೆಲವರು ತಮ್ಮ ಶಬ್ದವೇ ದಿಟ, ಇತರರದು ಹುಸಿ ಎಂದು ಸಾಧಿಸುವುದಕ್ಕಾಗಿಯೇ ಶಾಸ್ತ್ರವನ್ನು ಓದಿದರು. ಪಂಡಿತನಿಂದ ಕಲಿತ ಶಬ್ದದಿಂದಲೇ ಪಂಡಿತನ ಪರಂಪರೆಯನ್ನು ಹಳಿದ ಬರಹಗಳು ಹತ್ತೊಂಬತ್ತನೆಯ ಶತಮಾನದಲ್ಲಿ ಅಚ್ಚಾಗಿವೆ. ಆ ನೋವು ಇಂದಿಗೂ ಪೂರ್ತಿಯಾಗಿ ಆರಿಲ್ಲವೆಂಬುದನ್ನು ಒಪ್ಪಿಕೊಂಡೇ ವಿಚಾರಮಾಡಬೇಕು.

ಎರಡನೆಯ ಪಕ್ಷಕ್ಕೆ ಮೀಮಾಂಸಕರ ವೃದ್ಧವ್ಯವಹಾರನ್ಯಾಯವು ಉತ್ತರವಾಗುತ್ತದೆ. 'ಹಸುವನ್ನು ತಾ' ಎಂದು ಹಿರಿಯನೊಬ್ಬನು ಹೇಳಿದಾಗ ಇನ್ನೊಬ್ಬನು ಹಸುವನ್ನು ತರುವುದನ್ನು ನೋಡಿ ಮಗುವು ಶಬ್ದಾರ್ಥವನ್ನು ಗ್ರಹಿಸುತ್ತದೆ. ಕೋಶವನ್ನು ನೋಡಿ ಅಲ್ಲ. ಹಾಗೆಯೇ ಕ್ರೈಸ್ತನ ಮನೆಯ ಮಗುವು ಕೃಪೆ, ರಕ್ಷಣೆ, ಅಭಿಷೇಕಗಳ ಅರ್ಥವನ್ನು ಕಲಿಯುವುದು ಹಿರಿಯರು ಆ ಮಾತುಗಳನ್ನಾಡಿ ಏನು ಮಾಡುತ್ತಾರೆಂಬುದನ್ನು ನೋಡಿ. ಊಟಕ್ಕೆ ಮುಂಚೆ ಕಣ್ಮುಚ್ಚಿ ಹೇಳುವ ನಾಲ್ಕು ಮಾತು, ಸಂಜೆಯ ಮನೆಪ್ರಾರ್ಥನೆ, ವಾರದ ಉಪವಾಸಪ್ರಾರ್ಥನೆ, ಡಿಸೆಂಬರ್ ೩೧ರ ರಾತ್ರಿ ಎಚ್ಚರವಿದ್ದು ನಡೆಸುವ ವೆಸ್ಲಿಯವರ ಕಾಲದ ಕೂಟ, ಹೆಣವನ್ನು ಮಣ್ಣುಮಾಡುವಾಗ ಹಾಡುವ ಗೀತ, ಇವೇ ಆ ಕಲಿಕೆಯ ಶಾಲೆಗಳು. ನೆರೆಮನೆಯಲ್ಲಿ ಅಭಿಷೇಕವೆಂದರೆ ಲಿಂಗದ ಮೇಲೆ ಎರೆಯುವ ಹಾಲು ನೀರು. ಈ ಮನೆಯಲ್ಲಿ ಅದು ಪವಿತ್ರಾತ್ಮನಿಂದ ಬರುವ ಬಲ. ಹೀಬ್ರೂ ಜನರಲ್ಲಿ ಅರಸನಿಗೂ ಯಾಜಕನಿಗೂ ಎಣ್ಣೆಯನ್ನು ಎರೆಯುತ್ತಿದ್ದುದರಿಂದಲೂ, ಕ್ರಿಸ್ತನೆಂದರೆ ಅಭಿಷಿಕ್ತನೆಂದೇ ಅರ್ಥವಾದುದರಿಂದಲೂ ಈ ಬಳಕೆಗೆ ಮೂಲವುಂಟು. ಒಂದೇ ಬೀದಿಯ ಎರಡು ಮಕ್ಕಳು ಒಂದೇ ಶಬ್ದವನ್ನು ಎರಡರ್ಥಗಳಲ್ಲಿ ಕಲಿತರೂ ಒಬ್ಬರನ್ನೊಬ್ಬರು ತಪ್ಪಾಗಿ ತಿಳಿಯುವುದು ಅಪರೂಪ. ಪ್ರಕರಣವು ಅರ್ಥವನ್ನು ನಿಯಮಿಸುತ್ತದೆ.

ಈ ಕಲಿಕೆಯಲ್ಲಿ ಸೀಮೆಯ ನುಡಿಯು ತನ್ನ ಮುದ್ರೆಯನ್ನೂ ಒತ್ತಿದೆ. ಉತ್ತರದ ಕನ್ನಡದಲ್ಲಿ ಸಂಸ್ಕೃತದ ಆಕಾರಾಂತಗಳು ಎಕಾರಾಂತಗಳಾಗದೆ ನಿಲ್ಲುವುದರಿಂದ ಸಭೆಯು 'ಸಭಾ', ಸೇವೆಯು 'ಸೇವಾ', ಪ್ರಾರ್ಥನೆಯು 'ಪ್ರಾರ್ಥನಾ' ಆಗುತ್ತವೆ. ಪುಸ್ತಕದ ನುಡಿಯು ಬಳ್ಳಾರಿ ಮಂಗಳೂರುಗಳ ಕಡೆಯದಾದರೂ ಬಾಯಿಯ ನುಡಿಯು ಇಲ್ಲಿನದೇ. ಯೇಸಪ್ಪ, ಮರಿಯಮ್ಮ, ದೇವದಾನ, ದೇವಪುತ್ರ ಮುಂತಾದ ಹೆಸರುಗಳಲ್ಲಿ ಹೀಬ್ರೂ, ಸಂಸ್ಕೃತ, ಕನ್ನಡಗಳು ಕೂಡಿಕೊಂಡಿವೆ. ಉರ್ದು ಬೈಬಲ್ಲಿನಲ್ಲಿ ದೇವರಿಗೆ 'ಖುದಾ' ಎಂದೂ ಯೇಸುವಿಗೆ 'ಯಸೂ ಮಸೀಹ' ಎಂದೂ ಹೆಸರು. ಮುಸಲ್ಮಾನರು ಅದೇ ಪುರುಷನನ್ನು 'ಈಸಾ' ಎನ್ನುತ್ತಾರೆ. ಮೂರು ಹೆಸರುಗಳೂ ತಿಳಿದಿರುವ ಊರಿನಲ್ಲಿ ಮಾತಿನ ಎದುರಾಳಿಯನ್ನು ನೋಡಿ ಹೆಸರನ್ನು ಆರಿಸುವುದು ಸೌಜನ್ಯದ ಒಂದು ಭಾಗ.

೬

ಕೊನೆಯದಾಗಿ, ಇಂದಿನ ಲೋಕವ್ಯವಹಾರದಲ್ಲಿ ಹೆಚ್ಚು ಕಾವೇರಿರುವ ಶಬ್ದವೊಂದನ್ನು ವಿವೇಚಿಸುವುದು ಅವಶ್ಯಕ. ಗ್ರೀಕಿನ 'ಮೆತಾನೊಯಿಯಾ' ಎಂಬುದಕ್ಕೆ ಮನಸ್ಸಿನ ಮಾರ್ಪಾಟೆಂದು ಅವಯವಾರ್ಥ. ಕನ್ನಡದ ಒಂದು ಭಾಷಾಂತರವು ಇದನ್ನು ಅಕ್ಷರಶಃ 'ಮಾನಸಾಂತರ'ವೆಂದಿತು. ಇನ್ನೊಂದು ದೇವರ ಕಡೆಗೆ ತಿರುಗಿಕೊಳ್ಳುವುದೆಂದು ಬಿಡಿಸಿ ಹೇಳಿತು. ಕೇವಲ ಪಶ್ಚಾತ್ತಾಪವೆಂದರೆ ಹಿಂದಿನದಕ್ಕಾಗಿ ದುಃಖಪಡುವುದಷ್ಟೇ ಆಗುತ್ತದೆ. ತಿರುಗುವುದೆಂದರೆ ಮುಂದಿನ ನಡೆಯೂ ಸೇರುತ್ತದೆ. ಹೊರಗಿನ ಲೋಕವು ಇದಕ್ಕೆ ಬಳಸುವ ಶಬ್ದವು 'ಮತಾಂತರ'. ಎರಡು ಶಬ್ದಗಳಲ್ಲಿಯೂ 'ಅಂತರ'ವು ಸಮಾನ. ಆದರೆ ಒಂದರಲ್ಲಿ ಬದಲಾಗುವುದು ಮನಸ್ಸು, ಮತ್ತೊಂದರಲ್ಲಿ ಬದಲಾಗುವುದು ಸಮುದಾಯದ ಪಟ್ಟಿಯಲ್ಲಿನ ಸ್ಥಾನ.

ಭಾರತದ ಸಂವಿಧಾನದ ೨೫ನೆಯ ಅನುಚ್ಛೇದವು ಅಂತಃಕರಣದ ಸ್ವಾತಂತ್ರ್ಯವನ್ನೂ ಧರ್ಮವನ್ನು ಅವಲಂಬಿಸುವ, ಆಚರಿಸುವ, ಪ್ರಸಾರಮಾಡುವ ಹಕ್ಕನ್ನೂ ಕೊಟ್ಟಿದೆ. ೧೯೭೭ರಲ್ಲಿ ಸರ್ವೋಚ್ಚ ನ್ಯಾಯಾಲಯವು ಪ್ರಸಾರದ ಹಕ್ಕಿನಲ್ಲಿ ಇನ್ನೊಬ್ಬನನ್ನು ಮತಾಂತರಗೊಳಿಸುವ ಹಕ್ಕು ಸೇರಿಲ್ಲವೆಂದು ತೀರ್ಪಿತ್ತಿತು. ಕರ್ನಾಟಕದಲ್ಲಿ ೨೦೨೨ರಲ್ಲಿ ಮತಾಂತರವನ್ನು ಕುರಿತ ಕಾಯಿದೆಯೊಂದು ಬಂದಿತು. ೨೦೨೩ರ ಜೂನ್ ತಿಂಗಳಲ್ಲಿ ಮುಂದಿನ ಸರಕಾರದ ಸಚಿವಸಂಪುಟವು ಅದನ್ನು ರದ್ದುಪಡಿಸಲು ನಿರ್ಧರಿಸಿತು. ಇನ್ನೊಂದು ಕಡೆ, ೧೯೫೦ರ ರಾಷ್ಟ್ರಪತಿಗಳ ಆಜ್ಞೆಯಂತೆ ಪರಿಶಿಷ್ಟ ಜಾತಿಯ ಸ್ಥಾನವು ಮೊದಲು ಹಿಂದೂಗಳಿಗೂ, ೧೯೫೬ರಿಂದ ಸಿಖ್ಖರಿಗೂ, ೧೯೯೦ರಿಂದ ಬೌದ್ಧರಿಗೂ ಸಲ್ಲುತ್ತದೆ, ಕ್ರೈಸ್ತರಿಗೆ ಸಲ್ಲದು. ಕಲಬುರಗಿ ಬೀದರುಗಳ ಹಳ್ಳಿಗಳಲ್ಲಿ ಈ ನಿಯಮದ ಪರಿಣಾಮವು ನೇರವಾದುದು. ಮನಸ್ಸಿನಲ್ಲಿ ತಿರುಗಿದವನು ಪಟ್ಟಿಯಲ್ಲಿಯೂ ತಿರುಗಿದರೆ ಮಕ್ಕಳ ವಿದ್ಯೆಗೂ ನೌಕರಿಗೂ ದೊರೆಯತಕ್ಕ ನೆರವು ತಪ್ಪುತ್ತದೆ. ಹುಟ್ಟಿನಿಂದ ಬಂದ ಅವಮಾನವಾದರೋ ನೆರೆಹೊರೆಯವರ ದೃಷ್ಟಿಯಲ್ಲಿ ಅಷ್ಟರಿಂದಲೇ ತಪ್ಪುವುದಿಲ್ಲ. ದೀಕ್ಷಾಸ್ನಾನವು ಪೂರ್ವಾಶ್ರಯವನ್ನು ಅಳಿಸುತ್ತದೆಂದು ಸಭೆಯು ಹೇಳಿದರೂ ಊರು ಅದನ್ನು ಅಳಿಸಿಲ್ಲ. ಇದು ಒಂದು ಮತದವರ ಮಾತ್ರ ಅನುಭವವಲ್ಲ. ಕಲ್ಯಾಣದ ಶರಣರಿಗೂ ಇದೇ ಕಲ್ಲು ಎದುರಾಗಿತ್ತು.

ಮಾನಸಾಂತರವನ್ನೂ ಮತಾಂತರವನ್ನೂ ಒಂದೇ ಎಂದು ತಿಳಿಯುವುದರಿಂದ ಎರಡು ಕಡೆಗಳಲ್ಲಿಯೂ ಅನರ್ಥವಾಗುತ್ತದೆ. ಪಟ್ಟಿಯನ್ನೇ ಮನಸ್ಸೆಂದು ತಿಳಿದ ಬೋಧಕನು ಎಣಿಕೆಯನ್ನು ಹೆಚ್ಚಿಸಲು ಹೊರಡುತ್ತಾನೆ. ಮನಸ್ಸನ್ನೇ ಪಟ್ಟಿಯೆಂದು ತಿಳಿದ ಎದುರಾಳಿಯು ಒಬ್ಬ ಹೆಂಗಸು ಮಾಡುವ ಮನೆಪ್ರಾರ್ಥನೆಯಲ್ಲಿಯೂ ಸಂಚನ್ನು ಕಾಣುತ್ತಾನೆ. ೨೦೧೧ರ ಜನಗಣತಿಯಂತೆ ಕರ್ನಾಟಕದಲ್ಲಿ ಕ್ರೈಸ್ತರು ನೂರಕ್ಕೆ ೧.೮೭ರಷ್ಟು. ಇಷ್ಟು ಅಲ್ಪಸಂಖ್ಯೆಯವರ ವಿಷಯದಲ್ಲಿ ಶಬ್ದಗಳನ್ನು ಬೇರ್ಪಡಿಸಿ ತಿಳಿಯುವುದು ಪಾಂಡಿತ್ಯದ ವಿನೋದವೆನಿಸದು. ಒಂದು ಬೀದಿಯವರು ಮತ್ತೊಂದು ಬೀದಿಯವರೊಡನೆ ಬಾಳುವುದಕ್ಕೆ ಅದು ಸಾಧನ.

೭

ಮೇಲಿನ ವಿವೇಚನೆಯಿಂದ ತಿಳಿದುಬರುವ ಸಂಗತಿಗಳು ಮೂರು. ಕ್ರೈಸ್ತ ಪರಿಭಾಷೆಯಲ್ಲಿ ಸಂಸ್ಕೃತದ ಶಬ್ದಗಳು ಶಾಸ್ತ್ರಾರ್ಥವನ್ನು ಭಾಗಶಃ ಉಳಿಸಿಕೊಂಡು ಬಳಕೆಯಿಂದ ಹೊಸ ರೂಢಿಯನ್ನು ಪಡೆದಿವೆ. ದೇಶ್ಯಶಬ್ದಗಳು ಈ ಮತವನ್ನು ಹೊಲ ಮನೆಗಳ ಮಾತಿಗೆ ತಂದಿವೆ. ಮತ್ತು ಅರ್ಥವನ್ನು ಕೊನೆಗೆ ನಿಶ್ಚಯಿಸಿದವರು ಭಾಷಾಂತರಕಾರರಿಗಿಂತ ಹೆಚ್ಚಾಗಿ ಆ ಮಾತುಗಳಿಂದ ಪ್ರಾರ್ಥಿಸಿದ ಸಾಮಾನ್ಯರು.

ಅಚ್ಚಾದ ಬೈಬಲ್ಲು ಪುಸ್ತಕಭಂಡಾರಗಳಲ್ಲಿ ಉಳಿಯುತ್ತದೆ. ಆದರೆ ಕಲಬುರಗಿಯ ಕೋಟೆಯ ಸುತ್ತಿನ ಬಡಾವಣೆಗಳಲ್ಲಿಯೂ ಕಮಲಾಪುರದ ಕಡೆಯ ಹಳ್ಳಿಗಳಲ್ಲಿಯೂ ಹಿರಿಯರು ಆಡುವ ಪ್ರಾರ್ಥನೆಯ ನುಡಿಯು ಅವರೊಡನೆ ಮರೆಯಾಗತಕ್ಕದ್ದು. ನಗರದ ಹೊಸ ಸಭೆಗಳಲ್ಲಿ ಇಂಗ್ಲಿಷ್ ಶಬ್ದಗಳು ದಿನದಿನಕ್ಕೆ ಹೆಚ್ಚುತ್ತಿವೆ. ಆ ನುಡಿಯನ್ನು ಹಿರಿಯರ ಬಾಯಿಂದ ಕೇಳಿ, ಪ್ರಯೋಗಸಹಿತವಾಗಿ ಬರೆದು, ಕಥೋಲಿಕ, ಮೆಥೊಡಿಸ್ಟ್, ಪೆಂತೆಕೊಸ್ತ ಬಳಕೆಗಳ ಭೇದವನ್ನು ತೋರಿಸಿ ಒಂದು ಕೋಶವನ್ನು ಸಿದ್ಧಪಡಿಸುವುದು ಕನ್ನಡದ ವಿದ್ವಾಂಸರು ಕೈಕೊಳ್ಳತಕ್ಕ ಕೆಲಸವಾಗಿದೆ. ಆ ಕೋಶದಲ್ಲಿ ದೀಕ್ಷೆ, ಪ್ರಸಾದ, ಸಾಕ್ಷಿ ಎಂಬ ಒಂದೊಂದು ಶಬ್ದದ ಕೆಳಗೆಯೂ ಶ್ರೌತ, ಬೌದ್ಧ, ಜೈನ, ಶರಣ, ಕ್ರೈಸ್ತ ಅರ್ಥಗಳು ಕಾಲಕ್ರಮದಲ್ಲಿ ನಿಂತರೆ ಈ ಸೀಮೆಯ ಮತಚರಿತ್ರೆಯ ಬಹುಭಾಗವು ಅಲ್ಲಿಯೇ ದೊರೆಯುವುದು.